ಗಿರಣಿಯವನ ನಡುಗುವ ಕ್ಯಾಮೆರಾ

“ಅಜ್ಜಾರ, ಕಾಯೂದು ತಪ್ಪೇನ್ರಿ?”

ಗುರುಪಾದಪ್ಪ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಬೆಳಗಿನಿಂದ ಬಂದವರೆಲ್ಲ ತಮ್ಮ ತಮ್ಮ ಗೋಳು ಹೇಳಿಕೊಂಡು, ಹಗುರಾಗಿ, ಎದ್ದು ಹೋಗಿದ್ದರು. ಅವರು ಇಳಿಸಿಹೋದ ಭಾರವೆಲ್ಲ ತಮ್ಮ ಹೆಗಲ ಮೇಲೆಯೇ ಇದೆ ಎಂಬಂತೆ ಅಜ್ಜಾರು ಕಂಬಕ್ಕೆ ಒರಗಿ ಕಾಲು ಚಾಚಿದ್ದರು. ಗುರುಗಳಾದರೇನು, ಸೊಂಟ ಎಲ್ಲರಿಗೂ ಒಂದೇ.

“ಯಾರನ್ನ?” ಎಂದರು. ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

ಗುರುಪಾದಪ್ಪ ಸೊಸೈಟಿಯಲ್ಲಿ ಗುಮಾಸ್ತ. ಅವನಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ನರ್ಸಿಂಗ್ ಓದಿದವಳು. ಅವಳಿಗೆ ಹಳ್ಳಿಗಳ ಮೇಲೆ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ನೌಕರಿ ಸಿಕ್ಕಿತ್ತು. ಬಸ್ಸು ಮುಟ್ಟದ ಹಳ್ಳಿಗಳು ಅವು. ಸ್ಕೂಟರ್ ಓಡಿಸಬೇಕು, ಓಡಿಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಕೊಡುವವರು ಮೈದಾನದಲ್ಲಿ ಎಂಟರ ಅಂಕಿ ಬರೆದು, ಅದರ ಮೇಲೆ ನೆಲಕ್ಕೆ ಕಾಲು ಊರದೆ ಸುತ್ತಿ ಬಾ ಎನ್ನುತ್ತಾರೆ. ನೀಲಾಂಬಿಕೆ ಎರಡು ಸಲ ಹೋದಳು, ಎರಡು ಸಲವೂ ಕಾಲು ಊರಿದಳು. ಓಣಿಯಲ್ಲಿ ಒಬ್ಬಳೇ ಇದ್ದಾಗ ನೀರು ಹರಿದ ಹಾಗೆ ಓಡಿಸುತ್ತಾಳೆ ಎಂದು ನೆರೆಯವರು ಹೇಳುತ್ತಿದ್ದರು. ಗುರುಪಾದಪ್ಪ ಅದನ್ನು ನೋಡಿರಲಿಲ್ಲ. ನೋಡುವುದು ಸಾಧ್ಯವೂ ಇರಲಿಲ್ಲ. ಅವನು ನೋಡಲು ನಿಂತರೆ ಅವಳು ಒಬ್ಬಳೇ ಇರುತ್ತಿರಲಿಲ್ಲವಲ್ಲ.

ಮೊದಲು ಅವನು ಅವಳ ಹಿಂದೆ ಕೂತು ‘ಬ್ರೇಕ್, ಬ್ರೇಕ್’ ಎನ್ನುತ್ತಿದ್ದ. ಆಮೇಲೆ ಮೈದಾನದ ಅಂಚಿಗೆ ನಿಂತು ಕೈ ಎತ್ತುತ್ತಿದ್ದ. ಕೈ ಎತ್ತಬೇಡ ಎಂದು ಮಗಳು ಹೇಳಿದ ಮೇಲೆ ಕೈ ಕಟ್ಟಿ ನಿಂತ. ಆದರೆ ಕಣ್ಣನ್ನು ಕಟ್ಟುವುದು ಹೇಗೆ? ಸ್ಕೂಟರ್ ವಾಲಿದ ಕಡೆ ಅವನ ಮೈಯೂ ವಾಲುತ್ತಿತ್ತು. ಅದು ಮಗಳಿಗೆ ಕಾಣುತ್ತಿತ್ತು.

ಅವನ ಹೆಂಡತಿ ಗೌರವ್ವ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ಸತ್ತಿದ್ದಳು. ಊರ ಹೊರಗೆ ರಸ್ತೆಗೆ ಅಡ್ಡವಾಗಿ ಹೊಸದಾಗಿ ಹಾಕಿದ ಒಂದು ಹಂಪು ಯಾರ ಕಣ್ಣಿಗೂ ಬೀಳದಂತಿತ್ತು. ಬೈಕು ಹಾರಿತು, ಅವಳು ಹಿಂದಕ್ಕೆ ಬಿದ್ದಳು. ಬೈಕು ಓಡಿಸುತ್ತಿದ್ದವನು ಗುರುಪಾದಪ್ಪನೇ. ಅಂದಿನಿಂದ ಅವನು ಗಾಡಿಯ ಹ್ಯಾಂಡಲ್ ಹಿಡಿದಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಎಂದು ಜನ ನಗುತ್ತಿದ್ದರು. ನಗುವವರ ಬಾಯಿ ಸುಟ್ಟಿರಲಿಲ್ಲ.

ಮೂರನೆಯ ಪರೀಕ್ಷೆ ಬರುವ ಸೋಮವಾರ. ಇದೂ ತಪ್ಪಿದರೆ ನೌಕರಿ ಇನ್ನೊಬ್ಬರ ಪಾಲು. ಆ ಬೆಳಿಗ್ಗೆ ಮಗಳು ರೊಟ್ಟಿ ಬಡಿಯುತ್ತ ಹೇಳಿದ್ದಳು: “ಅಪ್ಪಾ, ಸೋಮವಾರ ನೀ ಬರ್ತಿ ಅಂದ್ರ ನಾ ಹೋಗೂದಿಲ್ಲ. ನೌಕರಿ ಹೋದ್ರ ಹೋಗ್ಲಿ.” ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ದಣಿದು ಹೇಳಿದ್ದಳು. ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಗುರುಪಾದಪ್ಪನೂ ದಣಿದಿದ್ದ.

ಅಜ್ಜಾರು ಚಾಚಿದ ಕಾಲು ಮಡಚಿಕೊಂಡು ಕೂತರು. ಆಮೇಲೆ ಕತೆ ಹೇಳತೊಡಗಿದರು. ಕತೆ ಹೇಳುವಾಗ ಅವರ ಮಾತು ಓದಿದ ಮಾತಿನಂತೆ ನೆಟ್ಟಗಾಗುತ್ತಿತ್ತು. ಒಬ್ಬ ರೈತನಿದ್ದ, ಒಬ್ಬ ವ್ಯಾಪಾರಿಯಿದ್ದ ಎಂದು ಹೇಳಿ ಹೇಳಿ ಅವರಿಗೆ ಬೇಸರ ಬಂದಿತ್ತೋ ಏನೋ, ಈ ಸಲ ಕತೆಯೊಳಗೆ ಡ್ರೋನು ಬಂತು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಬೆಳಗಿನಿಂದ ಸಂಜೆಯವರೆಗೆ ಗಿರಣಿ ನಡುಗುತ್ತಿತ್ತು, ಅದರ ಜೊತೆಗೆ ಅವನೂ. ಮನೆಗೆ ಬಂದು ಊಟಕ್ಕೆ ಕೂತರೂ ಅಂಗೈಯಲ್ಲಿ ಆ ನಡುಕ ಉಳಿದಿರುತ್ತಿತ್ತು. ಅವನಿಗೆ ಇದ್ದದ್ದು ಒಂದೇ ಹುಚ್ಚು, ಡ್ರೋನು ಹಾರಿಸುವುದು. ಬಿಡುವಿದ್ದಾಗ ಊರಾಚೆಯ ಬಯಲಿಗೆ ಹೋಗಿ ಅದನ್ನು ಮೇಲಕ್ಕೆ ಬಿಟ್ಟು ನಿಲ್ಲುತ್ತಿದ್ದ. ಗದ್ದಲವೆಲ್ಲ ಕೆಳಗೆ ಉಳಿಯುತ್ತದೆ ಎನ್ನುತ್ತಿದ್ದ.

ಅವನ ಹೆಂಡತಿಯ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಊರು ಬಿಟ್ಟಾಗ ಅವಳು ಸಣ್ಣವಳು. ನೀರು ತೀರ ಇಳಿದ ವರ್ಷ ಹಳೆಯ ಅಗಸಿ ಬಾಗಿಲಿನ ಕಲ್ಲು, ಮನೆಗಳ ಕಟ್ಟೆ ಹೊರಗೆ ಕಾಣುತ್ತವೆ ಎಂದು ಅವಳ ಕಡೆಯವರು ಹೇಳುತ್ತಿದ್ದರು. ಆ ಬೇಸಿಗೆ ನೀರು ಹಾಗೆ ಇಳಿಯಿತು. ಆದರೆ ದಂಡೆಯಿಂದ ಊರಿನವರೆಗೆ ಸೊಂಟಮಟ್ಟ ಕೆಸರು, ಅವಳ ಮೊಣಕಾಲೋ ಮೆಟ್ಟಿಲು ಹತ್ತಲೂ ಬೇಡವೆನ್ನುತ್ತಿತ್ತು. “ನಮ್ಮನಿ ಕಟ್ಟಿ ಒಮ್ಮೆ ನೋಡಬೇಕ್ರಿ,” ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮಳೆ ಬಂದರೆ ಊರು ಮತ್ತೆ ನೀರಿನೊಳಗೆ. ಆಮೇಲೆ ಯಾವ ವರ್ಷ ಕಂಡೀತೋ, ಯಾರು ಇದ್ದಾರೋ.

ಗಿರಣಿಯವನು ಡ್ರೋನಿಗೆ ಅಗ್ಗದ ಒಂದು ಗಿಂಬಲ್ ತರಿಸಿ ಕ್ಯಾಮೆರಾ ತೂಗುಹಾಕಿದ. ಗಿಂಬಲ್ ಎಂದರೆ ಕ್ಯಾಮೆರಾವನ್ನು ಹಿಡಿದುಕೊಳ್ಳುವ ಸಣ್ಣ ತೋಳು. ಅದರ ಕೀಲುಗಳಲ್ಲಿ ಸಣ್ಣ ಸಣ್ಣ ಮೋಟರು ಇರುತ್ತವೆ. ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ಹೇಗೆ ನಡೆದರೂ ಕೊಡ ತುಳುಕುವುದಿಲ್ಲ. ಅವಳ ಕತ್ತು ಮಾಡುವ ಕೆಲಸವನ್ನೇ ಇದು ಮಾಡಬೇಕು. ಡ್ರೋನು ಎತ್ತ ವಾಲಿದರೂ ಕ್ಯಾಮೆರಾ ನೆಟ್ಟಗಿರಬೇಕು.

ಇರಲಿಲ್ಲ. ಮೊದಲ ದಿನ ತೆಗೆದ ಚಿತ್ರವನ್ನು ಹೆಂಡತಿಗೆ ತೋರಿಸಿದ. ಊರು, ಮರ, ಗುಡಿ ಎಲ್ಲವೂ ಗಡಗಡ ನಡುಗುತ್ತಿದ್ದವು. ಅವಳು ತಲೆ ತಿರುಗಿ ಮೊಬೈಲನ್ನು ಅವನ ಕೈಗೇ ಕೊಟ್ಟು, “ಚಲೋ ಬಂದೈತ್ರಿ,” ಎಂದಳು. ಚೆನ್ನಾಗಿ ಬಂದಿಲ್ಲ ಎಂದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವನು ರಿಪೇರಿಗೆ ಕೂತ. ರೆಕ್ಕೆಗಳ ತೂಕ ಹೆಚ್ಚುಕಡಿಮೆ ಇದ್ದರೆ ನಡುಕ ಬರುತ್ತದೆ ಎಂದು ಒಬ್ಬ ಹೇಳಿದ. ಹಗುರಿದ್ದ ರೆಕ್ಕೆಗೆ ಚೂರು ಟೇಪು ಅಂಟಿಸಿ ಸರಿದೂಗಿಸಿದ. ಸಣ್ಣ ನಡುಕ ಹೋಯಿತು, ದೊಡ್ಡದು ಉಳಿಯಿತು. ಗಿಂಬಲನ್ನು ತೂಗುಹಾಕಿದ ರಬ್ಬರು ಗಟ್ಟಿ ಎಂದ ಇನ್ನೊಬ್ಬ. ಮೆತ್ತನೆಯ ರಬ್ಬರು ಹಾಕಿದ. ನೆಲ ಸಮ ಇದೆಯೋ ಇಲ್ಲವೋ ನೋಡಿಕೊಂಡು ಗಿಂಬಲಿಗೆ ನೆಟ್ಟಗೆ ಎಂದರೇನು ಎಂದು ಮೊದಲಿನಿಂದ ಕಲಿಸು ಎಂದ ಮತ್ತೊಬ್ಬ. ಗೌಂಡಿಯ ರಸಮಟ್ಟ ಕೇಳಿ ತಂದು, ಕಲ್ಲು ಹಾಸಿನ ಮೇಲೆ ಸಮ ಮಾಡಿ, ಅದನ್ನೂ ಕಲಿಸಿದ. ಕ್ಯಾಮೆರಾದ ವೈರು ಬಿರುಸಾಗಿದೆ, ಎಳೆಯುತ್ತದೆ ಎಂದು ಅವನಿಗೇ ಹೊಳೆಯಿತು. ತೆಳ್ಳಗಿನ ವೈರು ಹಾಕಿ ಸಡಿಲವಾಗಿ ಬಿಟ್ಟ. ಪ್ರತಿಯೊಂದರಿಂದಲೂ ತುಸು ಗುಣವಾಗುತ್ತಿತ್ತು. ಪೂರ್ತಿ ಗುಣವಾಗದ್ದರಿಂದ ಅವನು ಕೈಬಿಡುವಂತೆಯೂ ಇರಲಿಲ್ಲ, ನೆಮ್ಮದಿಯಾಗಿ ಇರುವಂತೆಯೂ ಇರಲಿಲ್ಲ.

ಕಡೆಗೆ ಮೋಟರಿನ ಬಲಕ್ಕೇ ಕೈಹಾಕಿದ. ಗಿಂಬಲನ್ನು ಕಂಪ್ಯೂಟರಿಗೆ ಜೋಡಿಸಿದರೆ ಅದರ ಮೋಟರು ಎಷ್ಟು ಬಲವಾಗಿ ಹಿಡಿಯಬೇಕು, ವಾಲಿದ್ದನ್ನು ಎಷ್ಟು ಚುರುಕಾಗಿ ತಿದ್ದಬೇಕು ಎಂದು ಹೇಳಬಹುದು. ಅವನು ಬಲ ಏರಿಸಿದ, ಚುರುಕೂ ಏರಿಸಿದ. ಕ್ಯಾಮೆರಾ ಕೂದಲೆಳೆಯಷ್ಟು ಎಡಕ್ಕೆ ವಾಲಿದರೆ ಸಾಕು, ಮೋಟರು ಅದನ್ನು ಬಲಕ್ಕೆ ಸೆಳೆಯುತ್ತಿತ್ತು. ಸೆಳೆತ ಹೆಚ್ಚಾಗಿ ಅದು ಬಲಕ್ಕೆ ವಾಲುತ್ತಿತ್ತು. ಮತ್ತೆ ಎಡಕ್ಕೆ ಸೆಳೆತ. ತಿದ್ದಿದ್ದನ್ನು ತಿದ್ದಿ, ಅದನ್ನೂ ತಿದ್ದಿ, ಇಡೀ ತೋಳು ಜೇನುಹುಳದಂತೆ ಗುಂಯ್‌ಗುಡತೊಡಗಿತು. ಮೋಟರು ಮುಟ್ಟಿದರೆ ಕೈ ಸುಡುತ್ತಿತ್ತು.

ಇಲ್ಲಿ ಗುರುಪಾದಪ್ಪ ತಲೆ ತಗ್ಗಿಸಿದ. ಕತೆಯ ನೀತಿ ಬಂದೇಬಿಟ್ಟಿತು ಎಂದುಕೊಂಡ. ಅತಿಯಾಗಿ ತಿದ್ದಬೇಡ, ಅಷ್ಟೇ ತಾನೆ? ಅದನ್ನು ಮಗಳೂ ಹೇಳಿದ್ದಳು, ಮಗಳ ಗೆಳತಿಯೂ ಹೇಳಿದ್ದಳು. ಅವನು ತಿದ್ದುವುದನ್ನು ಬಿಟ್ಟು ಸುಮ್ಮನೆ ನಿಂತೂ ನೋಡಿದ್ದ. ಅದರಿಂದ ಏನಾಗಿತ್ತು? ಎದ್ದು ಹೋಗೋಣ ಎನಿಸಿತು. ಆದರೆ ಅಜ್ಜಾರು ಮುಗಿಸಿರಲಿಲ್ಲ.

ಗಿರಣಿಯವನೂ ಮೂರ್ಖನಲ್ಲ, ಎಂದು ಅವರು ಮುಂದುವರಿಸಿದರು. ಬಲ ಹೆಚ್ಚಾಯಿತು ಎಂದು ಅವನಿಗೂ ತಿಳಿಯಿತು. ಇಳಿಸಿದ. ಇಳಿಸಿದರೆ ಗುಂಯ್ ಎನ್ನುವುದು ನಿಂತಿತು, ಕ್ಯಾಮೆರಾ ಒಂದು ಕಡೆಗೆ ಜೋತುಬಿತ್ತು. ಏರಿಸಿದರೆ ನಡುಕ, ಇಳಿಸಿದರೆ ಜೋಲು. ಜೋಲು ಬೀಳುತ್ತಿದ್ದ ಕಡೆಯ ಎದುರಿಗೆ ಒಂದು ಸಣ್ಣ ನಟ್ಟು ಅಂಟಿಸಿ ತೂಕ ಸರಿಮಾಡಿದ. ನೆಲದ ಮೇಲೆ ಚೆನ್ನಾಗಿ ನಿಂತಿತು. ಹಾರಿಸಿದರೆ, ತಿರುವಿನಲ್ಲಿ ಮತ್ತೆ ನಡುಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈಗ ಎಮ್ಮೆಯ ಮೈಯಲ್ಲಿ ಜಾಗವೇ ಉಳಿದಿರಲಿಲ್ಲ.

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಾಣತೊಡಗಿತು. ಗಿರಣಿಗೆ ಬಂದವರ ಜೋಳ ಗೋಧಿಯ ಚೀಲಗಳು ಸಾಲಿನಲ್ಲೇ ಕೂತವು. ಅವನ ನಿದ್ದೆ ಕೆಟ್ಟಿತು, ಬಾಯಿಯೂ ಕೆಟ್ಟಿತು. ಹೆಂಡತಿ ಒಂದು ದಿನ, “ಸಾಕು ಬಿಡ್ರಿ, ನನ್ನ ಹಣೇಬರಹದಾಗ ಇಲ್ಲ,” ಎಂದಳು. “ನಿನ್ನ ಸಲುವಾಗಿ ನಾ ಸಾಯಾಕತ್ತೀನಿ, ನೀ ಸಾಕು ಅಂತಿ!” ಎಂದು ಅವನು ರೇಗಿದ. ಅವಳು ಎದ್ದು ಒಳಗೆ ಹೋದಳು. ರೇಗಿದ್ದು ತಪ್ಪೆಂದು ಅವನಿಗೂ ಗೊತ್ತಿತ್ತು. ತಪ್ಪೊಪ್ಪಿಕೊಳ್ಳಲು ಬೇಕಾದ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಮರುದಿನ ಸಂಜೆ ಬ್ಯಾಟರಿ ಮುಗಿಯಿತು. ಚಾರ್ಜಿಗೆ ಹಾಕಲೂ ಬೇಸರವಾಗಿ ಅವನು ಡ್ರೋನನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಬೆರಳಿನಿಂದ ಕ್ಯಾಮೆರಾವನ್ನು ಆಚೆ ಈಚೆ ಸುಮ್ಮನೆ ತಿರುಗಿಸಿದ. ಕರೆಂಟು ಇಲ್ಲದ ಗಿಂಬಲ್ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು. ಇದು ತಿರುಗುತ್ತ ತಿರುಗುತ್ತ ಒಂದು ಕಡೆ ತಡೆಯುತ್ತಿತ್ತು, ಬಲವಂತ ಮಾಡಿದರೆ ಪಟಕ್ಕನೆ ಬಿಟ್ಟುಕೊಡುತ್ತಿತ್ತು. ಹೆಂಡತಿ ಚಹಾ ತಂದಿಟ್ಟು ಅಲ್ಲಿಯೇ ನಿಂತಳು.

“ಅಯ್ಯ, ನಾ ಕಟ್ಟಿದ ದಾರ ಸಿಗಬೀಳತೈತಲ್ರಿ ಅದಕ!” ಎಂದಳು.

ಈ ದಾರದ ಸುದ್ದಿಯನ್ನು ನಾನು ಮೊದಲು ಹೇಳಲಿಲ್ಲ, ಎಂದರು ಅಜ್ಜಾರು. ಗಿರಣಿಯವನ ಲೆಕ್ಕದಲ್ಲೂ ಅದು ಇರಲಿಲ್ಲ, ಅದಕ್ಕೆ ಹೇಳಲಿಲ್ಲ. ಡ್ರೋನಿಗೆ ಗಿಂಬಲ್ ಕೂಡಿಸಿದ ದಿನವೇ ಅವಳು ದೇವರ ಮುಂದೆ ಇಟ್ಟು ಪೂಜೆ ಮಾಡಿಸಿ, ಕೂಸಿನ ಕೊರಳಿಗೆ ಕಟ್ಟಿದ ಹಾಗೆ, ಕ್ಯಾಮೆರಾ ತೂಗುವ ತೋಳಿಗೆ ಮಣಿ ಪೋಣಿಸಿದ ಕರಿದಾರ ಕಟ್ಟಿದ್ದಳು. ದೃಷ್ಟಿಯಾಗಬಾರದು, ಬೀಳಬಾರದು ಎಂದು. ಅದರ ತುದಿ ಕೀಲಿನೊಳಗೆ ಇಳಿದಿತ್ತು. ತೋಳು ತಿರುಗಿದಾಗ ದಾರ ಹಿಡಿಯುತ್ತಿತ್ತು, ಮೋಟರು ಎಳೆದರೆ ಬಿಡುತ್ತಿತ್ತು. ನಡುಕವೆಲ್ಲ ಅಲ್ಲಿಂದ ಬರುತ್ತಿತ್ತು. ಗಿರಣಿಯವನು ದಿನಾ ಅದನ್ನು ನೋಡುತ್ತಿದ್ದ. ಅವನ ಗಿರಣಿಗೂ ಅಮಾವಾಸ್ಯೆಗೊಮ್ಮೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದರು. ಅಂಥದ್ದನ್ನು ಯಾರೂ ಯಂತ್ರದ ಭಾಗ ಎಂದು ಎಣಿಸುವುದಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಅವನು ರೆಕ್ಕೆ ನೋಡಿದ, ರಬ್ಬರು ನೋಡಿದ, ವೈರು ನೋಡಿದ. ಕಾಪಾಡಲಿಕ್ಕೆ ಕಟ್ಟಿದ ದಾರದ ಮೇಲೆ ಅನುಮಾನ ಹೇಗೆ ಬಂದೀತು?

ಅವನು ಒಳಗೆ ಹೋಗಿ ಕತ್ತರಿ ತಂದ. ಹೆಂಡತಿಯ ಮುಖ ಬಿಳಿಚಿತು. ಅವಳು ತಡೆಯುತ್ತಾಳೆ ಎಂದು ಅವನು ಅಂದುಕೊಂಡ. ಅವಳಿಗೂ ತಡೆಯಬೇಕು ಅನ್ನಿಸಿದ್ದು ನಿಜ. ದಾರ ಹೋದರೆ ಡ್ರೋನು ಬೀಳುತ್ತದೆ, ಡ್ರೋನು ಬಿದ್ದರೆ ತನ್ನ ಊರು ಎರಡನೆಯ ಸಲ ಮುಳುಗುತ್ತದೆ ಎಂದು ಅವಳ ಅಂಜಿಕೆ. ಆದರೆ ಅವಳು ಅವನ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕಿಟ್ಟು, ತಾನೇ ಕೂತು, ಉಗುರಿನಿಂದ ಗಂಟು ಬಿಚ್ಚಿದಳು. ಬಹಳ ಹೊತ್ತು ಹಿಡಿಯಿತು. ಗಟ್ಟಿಯಾಗಿಯೇ ಕಟ್ಟಿದ್ದಳು. ಬಿಚ್ಚಿದ ದಾರವನ್ನು ಅವಳು ಎಸೆಯಲಿಲ್ಲ. ತನ್ನ ಮಣಿಕಟ್ಟಿಗೆ ಸುತ್ತಿ ಹಲ್ಲಿನಿಂದ ಬಿಗಿದುಕೊಂಡಳು.

“ಅಂಜಿಕಿ ನಂದೈತ್ರಿ,” ಎಂದಳು, “ನನ್ನ ಕೈಯಾಗ ಇರ್ಲಿ.”

ಆಮೇಲೆ ಅವನಿಗೆ ಹೆಚ್ಚಿನ ಕೆಲಸವೇನೂ ಉಳಿಯಲಿಲ್ಲ. ಮಾಡಿದ ರಿಪೇರಿಗಳನ್ನು ರಿಪೇರಿ ಮಾಡುವ ಕೆಲಸವೊಂದಿತ್ತು. ಅಂಟಿಸಿದ ನಟ್ಟು ಕಿತ್ತ. ಕ್ಯಾಮೆರಾವನ್ನು ಚೂರು ಹಿಂದಕ್ಕೆ ಸರಿಸಿ, ಕರೆಂಟಿಲ್ಲದೆಯೂ ಬಿಟ್ಟಲ್ಲಿ ನಿಲ್ಲುವಂತೆ ಮಾಡಿದ. ಬಲ ಇಳಿಸಿದ, ಇನ್ನೂ ಇಳಿಸಿದ. ಇಷ್ಟು ಕಡಿಮೆ ಬಲ ಸಾಕಾಗುತ್ತದೆಯೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಸಾಕಾಯಿತು. ಮೋಟರು ತಣ್ಣಗಿತ್ತು.

ಇಬ್ಬರೂ ಹಿನ್ನೀರಿನ ದಂಡೆಗೆ ಹೋದರು. ಅವನು ಹಾರಿಸಿದ. ಅವಳು ಜಾಲಿಯ ನೆರಳಿನಲ್ಲಿ ಕೂತು ಪರದೆ ನೋಡಿದಳು. ಒಡೆದ ಕೆಸರು ಬಂತು, ಅಗಸಿಯ ಕಲ್ಲು ಬಂತು, ಬಾಯಿ ತೆರೆದ ಬಾವಿ ಬಂತು, ಕಟ್ಟೆಗಳ ಸಾಲು ಬಂತು. ಯಾವುದೂ ನಡುಗಲಿಲ್ಲ. ಅವಳು ಪರದೆಯ ಮೇಲೆ ಬೆರಳಿಟ್ಟು, “ತಡೀರಿ, ತಡೀರಿ, ಇದ ನಮ್ಮನಿ. ಇಲ್ಲಿ ನಮ್ಮವ್ವ ಬೀಸೂಕಲ್ಲು ಹಾಕಿದ್ಲು,” ಎಂದಳು. ಅವನು ಡ್ರೋನನ್ನು ಅಲ್ಲಿಯೇ ನಿಲ್ಲಿಸಿದ. ಅವಳ ಕಣ್ಣು ತುಂಬಿತ್ತು. ಡ್ರೋನು ಮೇಲಿದ್ದಷ್ಟು ಹೊತ್ತೂ ಅವಳು ಇನ್ನೊಂದು ಕೈಯಿಂದ ತನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು. ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ.

ಅಜ್ಜಾರು ನಿಲ್ಲಿಸಿದರು. ಇಷ್ಟು ಮಾತಾಡಿದ್ದಕ್ಕೆ ಅವರಿಗೆ ಉಬ್ಬಸ ಬಂದಿತ್ತು. ತಂಬಿಗೆ ಎತ್ತಿ ಎರಡು ಗುಟುಕು ನೀರು ಕುಡಿದರು.

ಗುರುಪಾದಪ್ಪ ಒಂದೇ ಮಾತು ಕೇಳಬೇಕೆಂದು ಕಾದಿದ್ದ. “ದಾರ ಬಿಚ್ಚಿದ ಮ್ಯಾಲೆ ಅದು ಬೀಳಲಿಲ್ಲೇನ್ರಿ ಅಜ್ಜಾರ?”

“ಆ ವರ್ಷ ಬೀಳಲಿಲ್ಲ,” ಎಂದರು ಅವರು. “ಮರುವರ್ಷ ಬಿತ್ತು. ಹದ್ದು ಬಡಿದು ನೀರಿಗೆ ಬಿತ್ತು. ಸಿಗಲೇ ಇಲ್ಲ.”

ಗುರುಪಾದಪ್ಪ ನೆಟ್ಟಗೆ ಕೂತ. ಬೆಳಗಿನಿಂದ ಇಲ್ಲದ ಕಸುವು ಅವನ ದನಿಗೆ ಬಂತು. “ನೋಡ್ರಿ ಮತ್ತ! ಅದಕ್ಕ ನಾ ಬಡ್ಕೊಳ್ಳೂದು. ಆಕಿ ಸಿಟ್ಟಾದ್ರ ಆಗ್ಲಿ, ಸೋಮವಾರ ನಾ ಹೋಗಾಂವನ. ನಾ ಹತ್ತಿರ ಇದ್ರ ನನ್ನ ಮಗಳು ಬೀಳೂದಿಲ್ರಿ.”

ಅಜ್ಜಾರು ತಂಬಿಗೆ ಕೆಳಗಿಟ್ಟರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಕೈ ಚಾಚಿ ಅವನ ಮೊಣಕಾಲ ಮೇಲೆ ಇಟ್ಟು, ಮೆಲ್ಲಗೆ ಕೇಳಿದರು:

“ಹತ್ತಿರ ಇದ್ರ ಬೀಳೂದಿಲ್ಲ ಅನ್ನೂದಾಗಿದ್ರ, ಆ ದಿನ ಗೌರವ್ವಗ ನಿನಗಿಂತ ಹತ್ತಿರ ಯಾರಿದ್ರೋ ಗುರುಪಾದಾ?”